ಕೆಂಪಗಿನ ಚಿನ್ನ

ಇವತ್ತು ಲ್ಯಾಬಲ್ಲಿ ಗೆಳತಿ ಒಂದು ಪುಟ್ಟ ಟ್ಯೂಬ್ ಕೈಗಿಟ್ಟಳು. ಒಳಗೆ ದಾಳಿಂಬೆ ರಸದಂಥ ಕೆಂಪು ನೀರು. "ಇದು ಚಿನ್ನ ಕಣೇ" ಅಂದಳು.

ನಿಜಕ್ಕೂ ಚಿನ್ನವೇ! 13 ನ್ಯಾನೋಮೀಟರ್‌ನಷ್ಟು ಸಣ್ಣ ಕಣಗಳು. ನೀರಲ್ಲಿ ಬಿಡಿಬಿಡಿಯಾಗಿ ತೇಲುವಾಗ ಹಸಿರು ಬೆಳಕನ್ನು ಹೀರುತ್ತವೆ, ನಮಗೆ ಕೆಂಪು ಕಾಣುತ್ತದೆ. ಒಂದಕ್ಕೊಂದು ಹತ್ತಿರ ಬಂದರೆ ಬಣ್ಣವೇ ಬೇರೆ. ಅವಳು ಸುಮ್ನೆ ತೋರಿಸೋಕೆ ಅಂತ ಎರಡು ಹನಿ ಉಪ್ಪುನೀರು ಬಿಟ್ಟಳು. ಕಣ್ಣೆದುರೇ ಮೊದಲು ನೇರಳೆ, ಆಮೇಲೆ ಬೂದುನೀಲಿ. ನಾನು ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ್ದೇ ನೋಡಿದ್ದು.

ಇದೇ ಕಣಗಳಿಗೆ, ಕೊಳಕು ನೀರಲ್ಲಿ ಸಿಗುವ ಇ. ಕೋಲಿ ಅನ್ನೋ ಬ್ಯಾಕ್ಟೀರಿಯಾವನ್ನು ಗುರುತಿಸಿ ಹಿಡಿಯುವ ಆಂಟಿಬಾಡಿ (ಒಂದು ಬಗೆಯ ಪ್ರೋಟೀನ್) ಅಂಟಿಸಿದರೆ, ಅವು ಆ ಬ್ಯಾಕ್ಟೀರಿಯಾದ ಮೈಮೇಲೆ ಹೋಗಿ ಗುಂಪುಗೂಡುತ್ತವೆ. ಬಣ್ಣ ತಿರುಗುತ್ತದೆ. ನೀರಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಮಾಮೂಲಿ ಕಲ್ಚರ್ ಪರೀಕ್ಷೆಗಾದರೆ ಒಂದೆರಡು ದಿನ ಬೇಕು. ಅಷ್ಟರಲ್ಲಿ ಮಕ್ಕಳು ಆ ನೀರು ಕುಡಿದಾಗಿರುತ್ತದೆ, ಅಲ್ವಾ?

ಚಿನ್ನದ ಈ ಕೆಂಪಿಗೆ ಅದರ ಅತಿ ಸಣ್ಣ ಕಣಗಳೇ ಕಾರಣ ಅಂತ ವಿಜ್ಞಾನಿ ಮೈಕಲ್ ಫ್ಯಾರಡೆ 1857ರಲ್ಲೇ ಹೇಳಿದ್ದರು.

ಆದರೆ ಕೆರೆ ನೀರಲ್ಲಿ, ಹಾಲಲ್ಲಿ ಉಪ್ಪು, ಪ್ರೋಟೀನ್ ಎಲ್ಲ ಸೇರಿರುತ್ತವಲ್ಲ, ಅವೂ ಬಣ್ಣ ಕೆಡಿಸುತ್ತವೆ. ಬ್ಯಾಕ್ಟೀರಿಯಾ ತೀರಾ ಕಮ್ಮಿ ಇದ್ದರೆ ಕಣ್ಣಿಗೆ ಗೊತ್ತಾಗುವುದೇ ಇಲ್ಲ. ಗೆಳತಿ ತಲೆ ಕೆಡಿಸಿಕೊಂಡಿರುವುದು ಅದಕ್ಕೇ. ಅವಳ ಕೆಲಸ ಬೇಗ ಕೈಗೂಡಲಿ. ಹಳ್ಳಿಯ ನೀರಿನ ಟ್ಯಾಂಕ್ ಪಕ್ಕ ನಿಂತೇ ಪರೀಕ್ಷೆ ಮಾಡುವಂತಾಗಬೇಕು.