ಕುರ್ಚಿಗಾಗಿ ಕೈ ಎತ್ತಿದ ದಿನ

ಕಾರವಾರ ನಗರಸಭೆಯ 31 ವಾರ್ಡುಗಳಿಗೆ ಮತದಾನ ನಡೆದದ್ದು 2018ರ ಆಗಸ್ಟ್ 31ರಂದು. ಸೆಪ್ಟೆಂಬರ್ 3ಕ್ಕೆ ಎಣಿಕೆ. ಕಾಂಗ್ರೆಸ್ 11, ಬಿಜೆಪಿ 11, ಜೆಡಿಎಸ್ 4, ಪಕ್ಷೇತರರು 5. ಅಧ್ಯಕ್ಷರನ್ನು ಆರಿಸುವ ದಿನ ಮಾತ್ರ ಬಂದದ್ದು 2020ರ ಕೊನೆಗೆ. ಸರ್ಕಾರ ಹೊರಡಿಸಿದ್ದ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿ ಹೈಕೋರ್ಟಿಗೆ ಹೋಗಿತ್ತು. ಪಟ್ಟಿ ಇಡೀ ರಾಜ್ಯದ್ದು, ಹಾಗಾಗಿ ಶಿರಸಿ, ದಾಂಡೇಲಿಗಳಲ್ಲೂ ಗೆದ್ದವರು ಎರಡು ವರ್ಷ ಕೈಕಟ್ಟಿ ಕೂತರು. ಆಡಳಿತಾಧಿಕಾರಿಯ ಸಹಿಯಲ್ಲಿ ಊರು ನಡೆಯಿತು. ಬೀದಿದೀಪ ಕೆಟ್ಟರೆ ಜನ ಹೋಗುತ್ತಿದ್ದದ್ದು ತಾವು ಮತ ಹಾಕಿದವರ ಮನೆಗೇ. ಅವರ ಕೈಯಲ್ಲಿ ಗೆದ್ದ ಪ್ರಮಾಣಪತ್ರ ಬಿಟ್ಟು ಇನ್ನೇನೂ ಇರಲಿಲ್ಲ.

ಕೋವಿಡ್ ಕಾಲವಾದ್ದರಿಂದ ಆ ಸಲ ಸಭೆಗಳೆಲ್ಲ ಮಾಸ್ಕ್ ಹಾಕಿಕೊಂಡೇ ನಡೆದವು. ಅಧ್ಯಕ್ಷರ ಆಯ್ಕೆಯ ದಿನಕ್ಕೆ ತನ್ನದೇ ಒಂದು ಕ್ರಮವಿದೆ. ಚುನಾವಣಾಧಿಕಾರಿಯಾಗಿ ಸಾಮಾನ್ಯವಾಗಿ ಉಪವಿಭಾಗಾಧಿಕಾರಿ ಇಲ್ಲವೇ ತಹಶೀಲ್ದಾರರು ಬರುತ್ತಾರೆ. ಬೆಳಿಗ್ಗೆ ನಾಮಪತ್ರ, ಮಧ್ಯಾಹ್ನದ ಹೊತ್ತಿಗೆ ಸಭೆ, ಪರಿಶೀಲನೆ, ಹಿಂಪಡೆಯಲು ಸ್ವಲ್ಪ ಸಮಯ, ಆಮೇಲೆ ಮತ. ಗುಪ್ತ ಮತಪತ್ರವಿಲ್ಲ. ಅಭ್ಯರ್ಥಿಯ ಹೆಸರು ಕರೆದಾಗ ಪರವಾಗಿರುವವರು ಕೈ ಎತ್ತಬೇಕು. ಅಧಿಕಾರಿ ಎಣಿಸಿ ಬರೆಸಿಕೊಳ್ಳುತ್ತಾರೆ. ಸಮ ಬಂದರೆ ಚೀಟಿ ಎತ್ತುವುದು.

ಎಣಿಕೆಯ ಮೂಲ ಲೆಕ್ಕ ಊರಲ್ಲಿ ಹಲವರಿಗೆ ತಿಳಿದಿರುವುದಿಲ್ಲ. ಮತ ಇರುವುದು 31 ಸದಸ್ಯರಿಗೆ ಮಾತ್ರವಲ್ಲ. ಕ್ಷೇತ್ರದ ಶಾಸಕರಿಗೂ ಸಂಸದರಿಗೂ ಮತವಿದೆ. ಸರ್ಕಾರ ನಾಮನಿರ್ದೇಶನ ಮಾಡುವ ಸದಸ್ಯರು ಸಭೆಯಲ್ಲಿ ಕೂರಬಹುದು, ಮತ ಹಾಕುವಂತಿಲ್ಲ. ಅಂದರೆ ಕಾರವಾರದಲ್ಲಿ ಒಟ್ಟು 33, ಎಲ್ಲರೂ ಬಂದರೆ ಬಹುಮತಕ್ಕೆ 17. ಆಗ ಶಾಸಕರೂ ಸಂಸದರೂ ಬಿಜೆಪಿಯವರು, ಹಾಗಾಗಿ 11 ಇದ್ದದ್ದು 13 ಆಯಿತು. ಬೇಕಾದದ್ದು ಇನ್ನು 4 ಕೈ. ಎದುರು ಬದಿಯಲ್ಲಿ ಕಾಂಗ್ರೆಸ್ಸಿನ 11ಕ್ಕೆ ಜೆಡಿಎಸ್ಸಿನ 4 ಸೇರಿಸಿದರೆ 15, ಅಲ್ಲಿಗೆ ಬೇಕಾದದ್ದು 2. ಎರಡೂ ಲೆಕ್ಕ ಕೊನೆಗೆ ಬಂದು ನಿಲ್ಲುವುದು ಜೆಡಿಎಸ್ಸಿನ ಅದೇ ನಾಲ್ಕು ಮತ್ತು ಪಕ್ಷೇತರರ ಅದೇ ಐದು ಜನರ ಮುಂದೆ. ಅಧಿಕಾರ ಬಿಜೆಪಿಗೆ ಬಂತು. ಸಮಬಲದ ಊರಿನಲ್ಲಿ ದೊಡ್ಡ ಪಕ್ಷದ ಹಿರಿಯ ಸದಸ್ಯರಿಗಿಂತ ಒಂದೇ ವಾರ್ಡು ಗೆದ್ದ ಪಕ್ಷೇತರರ ಮಾತಿಗೆ ತೂಕ ಬರುವುದು ಈ ಗಣಿತದಿಂದ.

ವಿಪ್, ಅಂದರೆ ಇಂಥವರಿಗೇ ಮತ ಹಾಕಿ ಎಂಬ ಪಕ್ಷದ ಆದೇಶದ ಬಗ್ಗೆಯೂ ಒಂದು ಮಾತು ಹೇಳಬೇಕು. ಪಕ್ಷದ ಚಿಹ್ನೆಯಲ್ಲಿ ಗೆದ್ದವರು ವಿಪ್ ಮೀರಿ ಕೈ ಎತ್ತಿದರೆ 1987ರ ಸ್ಥಳೀಯ ಪ್ರಾಧಿಕಾರಗಳ ಪಕ್ಷಾಂತರ ನಿಷೇಧ ಕಾಯ್ದೆಯಡಿ ಸದಸ್ಯತ್ವ ಹೋಗುತ್ತದೆ. ದೂರುಗಳು ಬಿದ್ದುಹೋಗುವುದು ಮಾತ್ರ ಬಹಳ ಸಣ್ಣ ತಪ್ಪಿಗೆ. ವಿಪ್ ಸದಸ್ಯರ ಕೈಗೆ ತಲುಪಿದ್ದಕ್ಕೆ ಸಹಿ ಪಡೆದಿರುವುದಿಲ್ಲ, ಅಥವಾ ಬಾಗಿಲಿಗೆ ಅಂಟಿಸಿದ್ದಕ್ಕೆ ಸಾಕ್ಷಿ ಇರುವುದಿಲ್ಲ. ಫೋನಿನಲ್ಲಿ ಹೇಳಿದ್ದೆವು ಅಂದರೆ ವಿಚಾರಣೆಯಲ್ಲಿ ನಿಲ್ಲುವುದಿಲ್ಲ. ಪಕ್ಷೇತರರಿಗೆ ವಿಪ್ಪೇ ಇಲ್ಲ.

ಇಷ್ಟೆಲ್ಲ ಓಡಾಟ 30 ತಿಂಗಳ ಕುರ್ಚಿಗಾಗಿ. ಮೀಸಲಾತಿ ಆವರ್ತನೆ ರಾಜ್ಯಮಟ್ಟದ್ದಾದ್ದರಿಂದ ಮುಂದಿನ ಅವಧಿ ಯಾವ ವರ್ಗಕ್ಕೆ ಬರುತ್ತದೆಂದು ಅಧಿಸೂಚನೆ ಬರುವ ತನಕ ಯಾರಿಗೂ ತಿಳಿಯದು. ಬಹುಮತವಿರುವ ಪಕ್ಷದಲ್ಲಿ ಆ ವರ್ಗದವರು ಒಬ್ಬರೂ ಇಲ್ಲದಿದ್ದರೆ ಕುರ್ಚಿ ಎದುರು ಪಕ್ಷದವರಿಗೆ ಹೋಗುತ್ತದೆ. ಮೊದಲ ಅವಧಿ 2023ರಲ್ಲಿ ಮುಗಿಯಿತು. ಮುಂದಿನ ಮೀಸಲಾತಿ ಪ್ರಕಟವಾದದ್ದು 2024ರ ಆಗಸ್ಟ್‌ನಲ್ಲಿ. ನಡುವೆ ಮತ್ತೆ ಆಡಳಿತಾಧಿಕಾರಿ. ಒಂದು ಸಲ ಮತ ಹಾಕಿದ ಜನ ಎರಡು ಸಲ ಹೀಗೆ ಕಾದರು, ಇದು ಅನ್ಯಾಯ. ನ್ಯಾಯಾಲಯಕ್ಕೆ ಹೋದವರ ಮೇಲೆ ಸಿಟ್ಟಾಗಬೇಕಿಲ್ಲ. ಚುನಾವಣೆ ಘೋಷಣೆಗೆ ಮೊದಲೇ ಪಟ್ಟಿ ಸರಿಯಾಗಿ ತಯಾರಾಗಿದ್ದರೆ ತಕರಾರೂ ಆಗಲೇ ಮುಗಿಯುತ್ತಿತ್ತು.

ಕುರ್ಚಿಗೆ ಬಂದವರ ಕೈಯಲ್ಲಿ ಇರುವುದೇನು? ಅಧ್ಯಕ್ಷರು ಸಭೆ ಕರೆಯುತ್ತಾರೆ, ನಡೆಸುತ್ತಾರೆ. ಆಡಳಿತದ ಸಹಿ ಪೌರಾಯುಕ್ತರದು, ಅವರ ವರ್ಗಾವಣೆ ಸರ್ಕಾರದ್ದು. ಅನುದಾನದ ಕ್ರಿಯಾಯೋಜನೆಗೆ ಸಭೆಯ ಒಪ್ಪಿಗೆಯಾದ ಮೇಲೆ ಜಿಲ್ಲಾಧಿಕಾರಿಗಳ ಮಂಜೂರಾತಿ ಬೇಕು. ಠರಾವು ಕಾನೂನಿಗೆ ವಿರುದ್ಧವೆಂದು ಕಂಡರೆ 1964ರ ಪುರಸಭೆಗಳ ಕಾಯ್ದೆಯ 306ನೇ ಕಲಮಿನಂತೆ ಅದರ ಜಾರಿ ತಡೆಯುವ ಅಧಿಕಾರವೂ ಅವರದೇ. ಹಣದ ಮೇಲೂ ಮೊದಲೇ ಗೆರೆ ಎಳೆದಿರುತ್ತದೆ. 2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಹೋಗಬೇಕಿತ್ತು. ಪರಿಶಿಷ್ಟ ಜಾತಿ, ಪಂಗಡಗಳವರಿಗೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ತೆಗೆದಿಡಬೇಕು. ಹೆದ್ದಾರಿ 66 ಕೇಂದ್ರದ್ದು, ಬಂದರು ಬೇರೆ ಇಲಾಖೆಯದು, ಬಡಾವಣೆಯ ನಕ್ಷೆ ನಗರಾಭಿವೃದ್ಧಿ ಪ್ರಾಧಿಕಾರದ್ದು, ಕಡಲಂಚಿನ ಕಟ್ಟಡಕ್ಕೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅನುಮತಿ ಬೇರೆ. ಕೊನೆಗೆ ಸದಸ್ಯರ ಕೈಯಲ್ಲಿ ಉಳಿಯುವುದು ಗಟಾರ, ಬೀದಿದೀಪ, ಕಸ, ನೀರು, ಖಾತೆ, ಸಂತೆ. ಇವು ಸಣ್ಣ ವಿಷಯಗಳಲ್ಲ. ಊರಿನ ದಿನ ಸುಗಮವಾಗಿ ಕಳೆಯುವುದು ಇವುಗಳಿಂದಲೇ.

ಗಟಾರವನ್ನೇ ನೋಡೋಣ. ಕರಾವಳಿಗೆ ಮಳೆ ಬರುವುದು ಜೂನ್ ಮೊದಲ ವಾರದ ಹೊತ್ತಿಗೆ. ಅಷ್ಟರೊಳಗೆ ಹೂಳು ತೆಗೆದು, ತೆಗೆದ ಹೂಳನ್ನು ಸಾಗಿಸಿ, ಸಮುದ್ರ ಸೇರುವ ನಾಲೆಗಳ ಬಾಯಿಗೆ ಕಟ್ಟಿಕೊಂಡ ಮರಳನ್ನು ಜೆಸಿಬಿಯಿಂದ ಬಿಡಿಸಬೇಕು. ಭರತದ ಹೊತ್ತಿನಲ್ಲಿ ಸಮುದ್ರ ನೀರು ತೆಗೆದುಕೊಳ್ಳುವುದಿಲ್ಲ. ದಿನಕ್ಕೆ ಎರಡು ಸಲ ಇಳಿತದ ಸಮಯ ಸಿಗುತ್ತದೆ, ಅಷ್ಟರಲ್ಲೇ ಊರಿನ ನೀರು ಹರಿದುಹೋಗಬೇಕು. ಬಾಯಿ ಕಟ್ಟಿದ್ದರೆ ಹೋಗುವುದಿಲ್ಲ. ಹೂಳನ್ನು ಗಟಾರದ ಅಂಚಿಗೇ ರಾಶಿ ಹಾಕಿ ಬಿಟ್ಟರೆ ಮೊದಲ ಮಳೆಗೆ ಎಲ್ಲ ಒಳಗೇ ಬೀಳುತ್ತದೆ, ಬಿಲ್ ಮಾತ್ರ ಪಾವತಿಯಾಗಿರುತ್ತದೆ. ಅಂದಾಜು ಪಟ್ಟಿಯಲ್ಲಿ ಹೂಳು ತೆಗೆಯುವುದಕ್ಕೂ ಸಾಗಿಸುವುದಕ್ಕೂ ಬೇರೆ ಬೇರೆ ಬಾಬ್ತು ಇದೆಯೇ ಎಂದು ಒಬ್ಬ ಸದಸ್ಯ ಕೇಳಿದರೂ ಸಾಕು, ಅರ್ಧ ಕೆಲಸ ಸರಿಯಾಗುತ್ತದೆ.

ಈ ಕೆಲಸದ ಕಾರ್ಯಾದೇಶ ಕೊಡಬೇಕಾದ ತಿಂಗಳುಗಳು ಮಾರ್ಚ್, ಏಪ್ರಿಲ್. ವಿಧಾನಸಭೆ, ಲೋಕಸಭೆ ಚುನಾವಣೆಗಳೂ ಅದೇ ತಿಂಗಳುಗಳಲ್ಲಿ ಬರುತ್ತವೆ. 2019ರಲ್ಲಿ ಮಾರ್ಚ್ 10ಕ್ಕೆ, 2023ರಲ್ಲಿ ಮಾರ್ಚ್ 29ಕ್ಕೆ, 2024ರಲ್ಲಿ ಮಾರ್ಚ್ 16ಕ್ಕೆ ನೀತಿ ಸಂಹಿತೆ ಜಾರಿಯಾಯಿತು. ಆಗಲೇ ಶುರುವಾದ ಕೆಲಸ ಮುಂದುವರಿಸಬಹುದು, ಹೊಸದನ್ನು ಆರಂಭಿಸಲು ಅನುಮತಿಗೆ ಅಲೆಯಬೇಕು. 2024ರಲ್ಲಿ ಎಣಿಕೆ ಮುಗಿದದ್ದು ಜೂನ್ 4ಕ್ಕೆ, ಮಳೆಗಾಲ ಬಾಗಿಲಿಗೆ ಬಂದಿತ್ತು. ಆದ್ದರಿಂದ ಚುನಾವಣಾ ವರ್ಷದಲ್ಲಿ ಹೂಳಿನ ಟೆಂಡರ್ ಜನವರಿಯ ಸಭೆಗೇ ಬರಬೇಕು. ಜನವರಿಯಲ್ಲಿ ಮಳೆಯ ಮಾತು ಎತ್ತುವ ಸದಸ್ಯ ಸಿಕ್ಕರೆ ಆ ವಾರ್ಡಿನವರ ಅದೃಷ್ಟ.

ಹಾಗೆ ಮಾತು ಎತ್ತುವವರು ಕಡಿಮೆಯಾಗಲು ಕಾರಣ ರಾಜಕೀಯದಲ್ಲಿ ಮೇಲಕ್ಕೆ ಹೋಗುವ ದಾರಿಯಲ್ಲಿದೆ. 2011ರ ಜನಗಣತಿಯಂತೆ ಕಾರವಾರ ನಗರದಲ್ಲಿ ಸುಮಾರು 77 ಸಾವಿರ ಜನ, ವಾರ್ಡಿಗೆ ಸರಾಸರಿ ಎರಡೂವರೆ ಸಾವಿರ. ವಿಧಾನಸಭಾ ಕ್ಷೇತ್ರದಲ್ಲಿ ಕಾರವಾರ, ಅಂಕೋಲಾ ಎರಡೂ ತಾಲೂಕುಗಳಿವೆ. ಶಿರಸಿ ಕ್ಷೇತ್ರಕ್ಕೆ ಸಿದ್ದಾಪುರವೂ ಸೇರಿದೆ. ಟಿಕೆಟ್ ಬಯಸುವ ಅಧ್ಯಕ್ಷರ ಕಣ್ಣು ಊರಿನ ಗಡಿ ದಾಟಿ ಹಳ್ಳಿಗಳ ಮತದ ಮೇಲೆ ಇರಲೇಬೇಕಾಗುತ್ತದೆ. ಮೇಲೆ ಹೋಗುವ ಆಸೆ ತಪ್ಪಲ್ಲ. ಆದರೆ ತಿಂಗಳಿಗೊಂದು ಸಾಮಾನ್ಯ ಸಭೆ ಕಾಯ್ದೆಯಲ್ಲೇ ಇದೆ. ಅದು ಎರಡು ತಿಂಗಳಿಗೆ, ಮೂರು ತಿಂಗಳಿಗೆ ಜಾರಿದಾಗ ವಿಷಯಗಳು ಗುಡ್ಡೆ ಬೀಳುತ್ತವೆ. ಆಮೇಲೆ ಒಂದೇ ಮಧ್ಯಾಹ್ನ ಎಲ್ಲವನ್ನೂ ಓದಿ ಮುಗಿಸುವ ಅವಸರ. ಮೊದಲ ಒಂದು ಗಂಟೆ ಹಿಂದಿನ ನಡಾವಳಿ ತಮಗೆ ಸಿಕ್ಕಿಲ್ಲವೆಂಬ ಜಗಳಕ್ಕೆ ಹೋಗುತ್ತದೆ. ಕೊನೆಯಲ್ಲಿ 'ಘಟನೋತ್ತರ ಮಂಜೂರಾತಿ' ಎಂಬ ವಿಷಯಗಳು ಬರುತ್ತವೆ. ಅಂದರೆ ಕೆಲಸ ಆಗಿಹೋಗಿದೆ, ಖರ್ಚೂ ಆಗಿದೆ, ಈಗ ಒಪ್ಪಿಗೆ ಕೊಡಿ ಎಂದು. ಊಟದ ಹೊತ್ತು ಮೀರಿರುತ್ತದೆ, ಎಲ್ಲರೂ ಹೂಂ ಅನ್ನುತ್ತಾರೆ.

ತುರ್ತಿನಲ್ಲಿ ಇಂಥ ಮಂಜೂರಾತಿ ಬೇಕಾಗುತ್ತದೆ. ಗಾಳಿಮಳೆಗೆ ಮರ ಬಿದ್ದರೆ ಸಭೆಗೆ ಕಾಯಲಾಗದು. ಆದರೆ ಪ್ರತಿ ಸಭೆಯಲ್ಲೂ ಅದೇ ಬಗೆಯ ಖರೀದಿ ಅದೇ ಮೊತ್ತದ ಆಸುಪಾಸಿನಲ್ಲಿ ಬರುತ್ತಿದ್ದರೆ, ಟೆಂಡರ್ ಮಿತಿಯ ಕೆಳಗೆ ತರಲು ಕೆಲಸವನ್ನು ತುಂಡು ಮಾಡಲಾಗಿದೆಯೇ ಎಂದು ಕೇಳಬೇಕು.

ಈ ನಡಾವಳಿ ಪುಸ್ತಕ ಊರಿನವರ ಕೈಗೂ ಸಿಗುತ್ತದೆ. ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ, ಪುಟಕ್ಕೆ 2 ರೂಪಾಯಿ, ಉತ್ತರಕ್ಕೆ 30 ದಿನ. 'ನಮ್ಮ ವಾರ್ಡಿನ ಕಾಮಗಾರಿಗಳ ವಿವರ ಕೊಡಿ' ಎಂದು ಬರೆದರೆ ವಾರ್ಡುವಾರು ಪ್ರತ್ಯೇಕ ದಾಖಲೆ ಇಲ್ಲವೆಂಬ ಉತ್ತರ ಬರಬಹುದು. ಇಂಥ ತಿಂಗಳಿನಿಂದ ಇಂಥ ತಿಂಗಳವರೆಗಿನ ಸಾಮಾನ್ಯ ಸಭೆಗಳ ನಡಾವಳಿಯ ಮತ್ತು ಹಾಜರಿ ಪುಟಗಳ ದೃಢೀಕೃತ ಪ್ರತಿ ಎಂದು ಸ್ಪಷ್ಟವಾಗಿ ಬರೆಯಬೇಕು. ಬಂದ ಮೇಲೆ ಜನವರಿಯ ಸಭೆಯ ಪುಟ ಮೊದಲು ತೆಗೆದು, ಅಲ್ಲಿ ಹೂಳಿನ ವಿಷಯ ಇದೆಯೇ, ಇದ್ದರೆ ಯಾರು ಮಾತಾಡಿದ್ದಾರೆ ಎಂದು ನೋಡಿ.