ಶನಿವಾರ ರಾತ್ರಿ ಬರೆದದ್ದು, ಗುರುವಾರ ಓದಿದ್ದು

ಆಹಾರ ಸೇವನೆಯ ಕಾಯಿಲೆಯಿಂದ, ಅಂದರೆ ತಿನ್ನುವುದು ಮತ್ತು ತೂಕದ ಚಿಂತೆಯೇ ಮನಸ್ಸನ್ನು ಆಳುವ ಈಟಿಂಗ್ ಡಿಸಾರ್ಡರ್‌ನಿಂದ, ಬಳಲುವವರು ಆಪ್ತಸಮಾಲೋಚನೆಗೆ ಬಂದಾಗ ಮೊದಲ ವಾರವೇ ಅವರಿಗೆ ದಿನಚರಿ ಬರೆಯಲು ಹೇಳುತ್ತೇನೆ. ಆಕ್ಸ್‌ಫರ್ಡ್‌ನ ಕ್ರಿಸ್ಟೋಫರ್ ಫೇರ್‌ಬರ್ನ್ ರೂಪಿಸಿದ ಚಿಕಿತ್ಸಾ ಕ್ರಮಕ್ಕೆ ಇದೇ ಬುನಾದಿ. ಏನು ತಿಂದೆ, ಎಲ್ಲಿ ತಿಂದೆ, ಆಗ ಮನಸ್ಸಿನಲ್ಲಿ ಏನು ಓಡುತ್ತಿತ್ತು ಎಂಬುದನ್ನು ಆಗಿಂದಾಗಲೇ ಬರೆಯಬೇಕು. ಕ್ಯಾಲೊರಿ ಲೆಕ್ಕ ಮಾತ್ರ ಬೇಡ. ಹಿಂದೆ ನೋಟ್‌ಬುಕ್ ಕೊಡುತ್ತಿದ್ದೆ. ಹಾಸ್ಟೆಲ್ ಮೆಸ್ಸಿನಲ್ಲಿ ಗೆಳತಿಯರ ಎದುರು ಅದನ್ನು ತೆರೆಯುವವರು ಯಾರು? ನನ್ನ ಬಳಿ ಬರುವ ಬಸ್ಸಿನಲ್ಲೇ ಕುಳಿತು ಇಡೀ ವಾರವನ್ನು ತುಂಬಿಸುತ್ತಿದ್ದರು. (ಶಾಲೆಯಲ್ಲಿ ನಾನು ಕಾಪಿ ಬರೆದದ್ದೂ ಹೀಗೆಯೇ.) ಅವರು ಬರೆದದ್ದು ನನಗೂ ಕಾಣುವ ಮೊಬೈಲ್ ಆ್ಯಪ್ ಬಂದ ಮೇಲೆ ಆ ತೊಂದರೆ ತಪ್ಪಿತು. ನಾನು ನಿರಾಳಳಾದೆ, ಸ್ವಲ್ಪ ಹೆಚ್ಚೇ.

ಒಂದು ಗುರುವಾರ, ಕಾಲೇಜು ವಿದ್ಯಾರ್ಥಿನಿಯೊಬ್ಬಳು ಬರುವ ಹತ್ತು ನಿಮಿಷ ಮೊದಲು ಅವಳ ದಿನಚರಿ ತೆರೆದೆ. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.) ಶನಿವಾರ ರಾತ್ರಿ ಎರಡು ಗಂಟೆಗೆ ಒಂದೇ ಸಾಲು: ಬದುಕುವುದೇ ಬೇಡ ಅನ್ನಿಸುತ್ತಿದೆ. ಅವಳು ಬಂದು ಕುಳಿತ ಕೂಡಲೇ ನೇರವಾಗಿ ಕೇಳಿದೆ, ಸಾಯುವ ಯೋಚನೆ ಈಗಲೂ ಇದೆಯೇ ಎಂದು. ಹಾಗೆ ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಅವಳು ಕೇಳಿದ್ದು ಬೇರೆಯೇ: “ಶನಿವಾರವೇ ಬರೆದಿದ್ದೆನಲ್ಲ ಮೇಡಂ, ನೀವು ಓದಲಿಲ್ಲವೇ?”

ಐದು ದಿನ ನನ್ನ ಮೌನವನ್ನೇ ಅವಳು ಉತ್ತರವೆಂದುಕೊಂಡಿದ್ದಳು.

ಈಗ ಮೊದಲ ದಿನವೇ ಹೇಳುತ್ತೇನೆ: ಆ್ಯಪಿನಲ್ಲಿ ಬರೆದದ್ದನ್ನು ನಾನು ನೋಡುವುದು ಸೋಮವಾರ ಮತ್ತು ಗುರುವಾರ ಬೆಳಿಗ್ಗೆ, ರಾತ್ರಿ ಅಲ್ಲಿ ಯಾರೂ ಇರುವುದಿಲ್ಲ. ರಾತ್ರಿಗೆಂದೇ ಇಬ್ಬರೂ ಕುಳಿತು ಸುರಕ್ಷತಾ ಯೋಜನೆ ಬರೆಯುತ್ತೇವೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಸ್ಟ್ಯಾನ್ಲಿ ಮತ್ತು ಬ್ರೌನ್ ರೂಪಿಸಿದ ಆರು ಹಂತಗಳು: ಮನಸ್ಸು ಕುಸಿಯುವ ಮುನ್ಸೂಚನೆಗಳು, ತಾನೇ ಮಾಡಬಹುದಾದದ್ದು, ಮನಸ್ಸು ಬೇರೆಡೆ ತಿರುಗಿಸುವ ಜನ ಮತ್ತು ಜಾಗ, ನೆರವು ಕೇಳಬಹುದಾದ ಆಪ್ತರು, ವೈದ್ಯರು ಮತ್ತು ಸಹಾಯವಾಣಿ, ಅಪಾಯದ ವಸ್ತುಗಳನ್ನು ದೂರವಿಡುವುದು. ಸಹಾಯವಾಣಿಯ ಸಾಲಿನಲ್ಲಿ ಟೆಲಿ ಮಾನಸ್, 14416. ಅಕ್ಟೋಬರ್ 2022ರಲ್ಲಿ ಶುರುವಾದ ಈ ಉಚಿತ ಸೇವೆ ದಿನವಿಡೀ ಸಿಗುತ್ತದೆ, ಕನ್ನಡದಲ್ಲಿಯೂ. ಮೊಬೈಲಿನಲ್ಲಿ ಒಂದು ಪ್ರತಿ, ಕಾಗದದಲ್ಲಿ ಇನ್ನೊಂದು. ಚಾರ್ಜ್ ಮುಗಿಯುವುದಕ್ಕೆ ಹೊತ್ತುಗೊತ್ತಿಲ್ಲ.

ರಾತ್ರಿ ಉತ್ತರಿಸಲು ಚಾಟ್‌ಬಾಟ್ ಇಡಬಾರದೇ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಅಮೆರಿಕದಲ್ಲಿ ಇದೇ ಕಾಯಿಲೆಯವರಿಗಾಗಿ ಇದ್ದ ‘ಟೆಸ್ಸಾ’ ತೂಕ ಇಳಿಸುವ ಸಲಹೆ ಕೊಡುತ್ತಿದೆ ಎಂಬ ದೂರು ಬಂದು, 2023ರಲ್ಲಿ ಅದನ್ನು ನಿಲ್ಲಿಸಿದರು. ಸದ್ಯಕ್ಕೆ ನನಗೆ ಅಷ್ಟು ಧೈರ್ಯವಿಲ್ಲ.

ಆ ಹುಡುಗಿ ಈಗಲೂ ರಾತ್ರಿ ಬರೆಯುತ್ತಾಳೆ. ಕಳೆದ ವಾರದ ಸಾಲು: “ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಉಳಿದದ್ದು ಗುರುವಾರ.”