ಬೆಲ್‌ಫಾಸ್ಟ್‌ನ ಬಾಂಬೆ ಸ್ಟ್ರೀಟಿನಲ್ಲಿ

ನಾವಿರುವ ಐರ್ಲೆಂಡಿನ ಡಬ್ಲಿನ್‌ನಿಂದ ಬೆಲ್‌ಫಾಸ್ಟ್‌ಗೆ ರೈಲಿನಲ್ಲಿ ಹೆಚ್ಚುಕಡಿಮೆ ಎರಡು ಗಂಟೆ. ಬೆಳಿಗ್ಗೆ ಹೋಗಿ ರಾತ್ರಿ ಊಟಕ್ಕೆ ಮನೆಗೆ ಬರಬಹುದು. ಆದರೆ ಬೆಲ್‌ಫಾಸ್ಟ್ ಇರುವುದು ಉತ್ತರ ಐರ್ಲೆಂಡಿನಲ್ಲಿ. ಅಲ್ಲಿ ಬ್ರಿಟನ್ನಿನ ಆಡಳಿತ. ಭಾರತದ ಪಾಸ್‌ಪೋರ್ಟಿನವರಾದ ನಮಗೆ ಬೇರೆ ವೀಸಾ ಬೇಕು. ಲಂಡನ್ನಿಗೆಂದು ಮಾಡಿಸಿದ್ದ ವೀಸಾ ಇನ್ನೂ ಚಾಲ್ತಿಯಲ್ಲಿತ್ತು. ಸುಮ್ನೆ ಯಾಕೆ ಬಿಡೋದು ಅಂತ ಒಂದು ಶನಿವಾರ ನಾನೂ ನನ್ನ ಹೆಂಡತಿಯೂ ಹೊರಟೆವು.

ವೀಸಾ ಬೇಕು ನಿಜ, ಆದರೆ ಗಡಿ ಕಣ್ಣಿಗೆ ಬೀಳುವುದೇ ಇಲ್ಲ. ಗೇಟಿಲ್ಲ, ಬೇಲಿಯಿಲ್ಲ. ಮೊಬೈಲಿಗೆ ಮೆಸೇಜ್ ಬಂದಾಗಲೇ ಬೇರೆ ದೇಶಕ್ಕೆ ಬಂದೆವು ಅಂತ ಗೊತ್ತಾಗಿದ್ದು.

ಮೊದಲು ಟೈಟಾನಿಕ್ ಮ್ಯೂಸಿಯಂ. ಆ ಹಡಗು ಕಟ್ಟಿದ್ದು ಇದೇ ಊರಲ್ಲಿ. ಚೆನ್ನಾಗಿದೆ, ಜನವೂ ಜಾಸ್ತಿ. ಅದರ ಬಗ್ಗೆ ಎಲ್ಲರೂ ಬರೆದಿದ್ದಾರೆ, ಬಿಡಿ.

ಮಧ್ಯಾಹ್ನ ಒಂದು ಕಪ್ಪು ಟ್ಯಾಕ್ಸಿ ಹತ್ತಿದೆವು. ಗಲಭೆಯ ದಿನಗಳಲ್ಲಿ ಬಸ್ಸುಗಳು ಸುಟ್ಟುಹೋಗಿ ನಿಂತಾಗ ಈ ಟ್ಯಾಕ್ಸಿಗಳೇ ಶೇರ್ ಆಟೋ ಥರ ಓಡುತ್ತಿದ್ದವಂತೆ. ಈಗ ಅವೇ ಪ್ರವಾಸಿಗರಿಗೆ ಆ ಗಲಭೆಯ ಜಾಗಗಳನ್ನು ತೋರಿಸುತ್ತವೆ. ನಮ್ಮ ಡ್ರೈವರ್‌ಗೆ ಅರವತ್ತು ದಾಟಿರಬೇಕು. ಹುಟ್ಟಿ ಬೆಳೆದದ್ದು ಕ್ಯಾಥೊಲಿಕರ ಫಾಲ್ಸ್ ರೋಡಿನಲ್ಲಿ.

ಕ್ರೈಸ್ತರದ್ದೇ ಎರಡು ಪಂಗಡಗಳಾದ ಕ್ಯಾಥೊಲಿಕರ, ಪ್ರೊಟೆಸ್ಟಂಟರ ಈ ಜಗಳ ದೇವರ ಬಗ್ಗೆ ಅಲ್ಲ ಅಂತ ಅವರು ಮೊದಲೇ ಹೇಳಿಬಿಟ್ಟರು. 1921ರಲ್ಲಿ ಐರ್ಲೆಂಡ್ ಇಬ್ಭಾಗವಾಯಿತು. ಉತ್ತರದಲ್ಲಿ ಆಗ ಪ್ರೊಟೆಸ್ಟಂಟರು ಹೆಚ್ಚು, ಅವರಿಗೆ ಬ್ರಿಟನ್ ಬೇಕು. ಕ್ಯಾಥೊಲಿಕರಲ್ಲಿ ಬಹಳ ಜನರಿಗೆ ಐರ್ಲೆಂಡ್ ಬೇಕು. ಜೊತೆಗೆ ಕೆಲಸ, ಮನೆ, ಓಟು. ಆಗ ಸ್ಥಳೀಯ ಚುನಾವಣೆಯಲ್ಲಿ ಸ್ವಂತದ್ದೋ ಬಾಡಿಗೆಯದೋ ಮನೆ ಇದ್ದವರಿಗೆ, ಅವರ ಗಂಡ ಅಥವಾ ಹೆಂಡತಿಗೆ ಅಷ್ಟೇ ಓಟು. ಸರ್ಕಾರಿ ಮನೆ ಯಾರಿಗೆ ಕೊಡಬೇಕೆಂದು ತೀರ್ಮಾನಿಸುತ್ತಿದ್ದದ್ದು ಕೌನ್ಸಿಲ್. ಕ್ಯಾಥೊಲಿಕರಿಗೆ ಮನೆ ಕೊಡದಿದ್ದರೆ ಆಯ್ತು, ಓಟೂ ಇಲ್ಲ. 1960ರ ದಶಕದ ಕೊನೆಯಲ್ಲಿ ಇದರ ವಿರುದ್ಧ ಮೆರವಣಿಗೆಗಳು ಶುರುವಾದವು. ಆಮೇಲೆ ಮೂವತ್ತು ವರ್ಷ ಬಾಂಬು, ಬಂದೂಕು. ಸತ್ತವರು ಮೂರೂವರೆ ಸಾವಿರದಷ್ಟು.

ಟ್ಯಾಕ್ಸಿ ಒಂದು ಓಣಿಯಲ್ಲಿ ನಿಂತಿತು. ಬೋರ್ಡು ನೋಡಿ ನನ್ನವಳು, "ರೀ, ಬಾಂಬೆ ಸ್ಟ್ರೀಟು!" ಅಂದಳು. ಪಕ್ಕದಲ್ಲೇ ಕಾಶ್ಮೀರ್ ರೋಡ್. ಬ್ರಿಟಿಷರ ಕಾಲದಲ್ಲಿ ಇಟ್ಟ ಹೆಸರುಗಳು. ನಮ್ಮ ನಗು ಜಾಸ್ತಿ ಹೊತ್ತು ಉಳಿಯಲಿಲ್ಲ. 1969ರ ಆಗಸ್ಟ್ 15ರಂದು ಪ್ರೊಟೆಸ್ಟಂಟರ ಕಡೆಯಿಂದ ಬಂದ ಗುಂಪು ಈ ಬೀದಿಯ ಮನೆಗಳಿಗೆ ಬೆಂಕಿ ಹಚ್ಚಿತು. ನಮ್ಮ ದೇಶದಲ್ಲಿ ಶಾಲೆಗಳಲ್ಲಿ ಬಾವುಟ ಹಾರಿಸಿ ಸಿಹಿ ಹಂಚುತ್ತಿದ್ದ ದಿನ. ಹದಿನೈದು ವರ್ಷದ ಒಬ್ಬ ಹುಡುಗ ಗುಂಡೇಟಿಗೆ ಸತ್ತ.

ಈಗಿರುವುದು ಮತ್ತೆ ಕಟ್ಟಿದ ಮನೆಗಳು. ಪುಟ್ಟ ಇಟ್ಟಿಗೆ ಮನೆಗಳು, ಕಿಟಕಿಯಲ್ಲಿ ಹೂಕುಂಡ. ಹಿತ್ತಲಿನ ಕಡೆಗೆ ಮಾತ್ರ ಕೋಳಿ ಗೂಡಿನ ಹಾಗೆ ಕಬ್ಬಿಣದ ಬಲೆ. ಆಚೆಯಿಂದ ಕಲ್ಲು, ಬಾಟಲಿ ಎಸೆದರೆ ತಡೆಯಲಿ ಅಂತ. ಬಲೆಯ ಹಿಂದೆಯೇ ಎರಡು ಕೇರಿಗಳನ್ನು ಬೇರೆ ಮಾಡುವ ಗೋಡೆ. ಮನೆಗಳಿಗಿಂತ ಎತ್ತರ. 1969ರಲ್ಲಿ ಬ್ರಿಟಿಷ್ ಸೈನ್ಯ ತಾತ್ಕಾಲಿಕ ಅಂತ ಹಾಕಿದ ಬೇಲಿ ಬೆಳೆದು ಹೀಗಾಗಿದೆ. ಕರೆಯುವುದು ಶಾಂತಿ ಗೋಡೆ ಅಂತ.

ಆಚೆ ಬದಿಗೆ ಹೋಗಲು ಗೇಟು ದಾಟಬೇಕು. ಹಗಲು ತೆರೆದಿರುತ್ತದೆ, ರಾತ್ರಿ ಬೀಗ. ಎರಡು ದೇಶಗಳ ನಡುವೆ ಇಲ್ಲದ ಗೇಟು ಒಂದೇ ಊರಿನ ಎರಡು ಕೇರಿಗಳ ನಡುವೆ!

ಆ ಕಡೆ ಶ್ಯಾಂಕಿಲ್, ಪ್ರೊಟೆಸ್ಟಂಟರ ಜಾಗ. ಎಲ್ಲೆಲ್ಲೂ ಬ್ರಿಟನ್ನಿನ ಬಾವುಟ. ಕೆಲವು ಕಡೆ ಫುಟ್‌ಪಾತಿನ ಅಂಚಿಗೂ ಕೆಂಪು, ಬಿಳಿ, ನೀಲಿ ಬಣ್ಣ. 1993ರ ಅಕ್ಟೋಬರ್ 23ರಂದು ಇಲ್ಲಿನ ಮೀನಂಗಡಿಯಲ್ಲಿ ಐಆರ್‌ಎ ಬಾಂಬು (ಐರ್ಲೆಂಡ್ ಒಂದಾಗಬೇಕು ಅಂತ ಬಂದೂಕು ಹಿಡಿದಿದ್ದ, ಕ್ಯಾಥೊಲಿಕರ ಕಡೆಯ ಗುಂಪು) ಸಿಡಿದು ಒಂಬತ್ತು ಜನರೂ ಬಾಂಬು ತಂದ ಇಬ್ಬರಲ್ಲಿ ಒಬ್ಬನೂ ಸತ್ತರು. ಡ್ರೈವರ್ ಅಲ್ಲಿ ನಿಲ್ಲಿಸಿ ಅದನ್ನೂ ಬಾಂಬೆ ಸ್ಟ್ರೀಟಿನಷ್ಟೇ ನಿಧಾನವಾಗಿ ಹೇಳಿದರು. ತಮ್ಮ ಕಡೆಯವರದ್ದು ಅಂತ ಏನನ್ನೂ ನುಂಗಲಿಲ್ಲ. ಆ ಮನುಷ್ಯನ ಮೇಲೆ ಗೌರವ ಬಂತು.

ಗೋಡೆಯ ಈ ಬದಿಯ ರಸ್ತೆ ಕೂಪರ್ ವೇ. ಪ್ರವಾಸಿಗರೆಲ್ಲ ಗೋಡೆ ಮೇಲೆ ಬರೆಯುತ್ತಿದ್ದರು. ಪ್ರೀತಿ, ಶಾಂತಿ, ಹೃದಯದ ಚಿತ್ರ, ಊರಿನ ಹೆಸರು. ಡ್ರೈವರ್ ನಮಗೂ ಮಾರ್ಕರ್ ಕೊಟ್ಟರು. ನನಗೆ ಬರೆಯಲು ಮನಸ್ಸಾಗಲಿಲ್ಲ. ಸಂಜೆ ರೈಲು ಹತ್ತುವವರು ಇಲ್ಲಿರುವವರಿಗೆ ಶಾಂತಿಯ ಪಾಠ ಹೇಳುವುದು ಒಂಥರಾ ಸುಲಭದ ಕೆಲಸ. ನನ್ನವಳು ಕನ್ನಡದಲ್ಲಿ ತನ್ನ ಹೆಸರಷ್ಟೇ ಬರೆದಳು.

1998ರಲ್ಲಿ ಶಾಂತಿ ಒಪ್ಪಂದವಾಯಿತು, ಬಂದೂಕು ಬಹುಮಟ್ಟಿಗೆ ನಿಂತಿತು. ಗೋಡೆಗಳನ್ನೆಲ್ಲ 2023ರೊಳಗೆ ತೆಗೆಯುತ್ತೇವೆ ಅಂತ ಅಲ್ಲಿನ ಸರ್ಕಾರ 2013ರಲ್ಲಿ ಹೇಳಿತ್ತು. ಆ ಗಡುವು ಮುಗಿದಿದೆ, ಗೋಡೆ ನಿಂತಿದೆ. ಯಾಕೆ ಅಂತ ನನ್ನವಳು ಕೇಳಿದಳು.

"ನನ್ನನ್ನು ಕೇಳಿದರೆ ನಾಳೆಯೇ ಒಡೆಯಿರಿ ಅಂತೀನಿ. ಆದರೆ ನನ್ನ ಮನೆ ಈಗ ಇಲ್ಲಿಲ್ಲ. ತಂಗಿಯ ಮನೆ ಇದೆ. ಅವಳು ಬೇಡ ಅಂತಾಳೆ," ಅಂದರು ಡ್ರೈವರ್.

ವಾಪಸ್ ಬರುವಾಗ ರೈಲಿನಲ್ಲಿ ನಮ್ಮಿಬ್ಬರದೂ ಇದೇ ಮಾತು. ಅವಳ ಪ್ರಕಾರ ಶಾಲೆ ಮೊದಲು. ಎರಡೂ ಕಡೆಯ ಮಕ್ಕಳು ಒಟ್ಟಿಗೆ ಕಲಿಯಲಿ ಅಂತಲೇ ಲಗಾನ್ ಕಾಲೇಜ್ ಎಂಬ ಶಾಲೆ 1981ರಲ್ಲಿ 28 ಮಕ್ಕಳೊಂದಿಗೆ ಶುರುವಾಯಿತು. ಇಷ್ಟು ವರ್ಷವಾದ ಮೇಲೂ ಅಂಥ ಶಾಲೆಗಳಲ್ಲಿ ಓದುವವರು ಹತ್ತರಲ್ಲಿ ಒಂದು ಮಗುವೂ ಇಲ್ಲ. ಇನ್ನಷ್ಟು ಶಾಲೆ ತೆರೆಯಬೇಕು ಅನ್ನುವುದು ಅವಳ ವಾದ. ನನಗೆ ಅನುಮಾನ. ಅಂಥ ಶಾಲೆಗೆ ಮಕ್ಕಳನ್ನು ಕಳಿಸುವವರು ಆಗಲೇ ಗೋಡೆ ಬೇಡ ಅನ್ನುವವರೇ ಅಲ್ವಾ? ಹಿತ್ತಲಿಗೆ ಬಲೆ ಹಾಕಿಕೊಂಡ ಆ ತಂಗಿ ತನ್ನ ಮೊಮ್ಮಕ್ಕಳನ್ನು ಕಳಿಸುತ್ತಾಳಾ?